ಪುಟ್ಟಿ ಡಬ್ಬ ಮುಚ್ಚಿಡಿ, ಮೊದಲು ಪಟ್ಟಿ ಹೆರೆಯಿರಿ

ನೀವು ಕಟ್ಟುತ್ತಿರುವ ಮರದ ಮಾದರಿ ಹಡಗು ವಿಕ್ಟರಿಯ ಫೋಟೋ ನೋಡಿದೆ. ಹೊಟ್ಟೆಗೆ ಆರು ಮರದ ಪಟ್ಟಿ ಹಚ್ಚಿದ್ದೀರಿ, ಮೂತಿಯ (ಹಡಗಿನ ಮುಂತುದಿ) ಹತ್ತಿರ ಎಲ್ಲವೂ ಮಾಡಿನ ಹಂಚಿನ ಹಾಗೆ ಅಂಚೆತ್ತಿ ನಿಂತಿವೆ. ಇನ್ನೂ ಜಾಸ್ತಿ ಹೊತ್ತು ನೆನೆಸಿ, ಜಾಸ್ತಿ ಪಿನ್ ಹೊಡೆದರೆ ಕೂರುತ್ತಾ ಅಂತ ಕೇಳಿದ್ದೀರಿ. ಕೂರುವುದಿಲ್ಲ. ಇಡೀ ರಾತ್ರಿ ನೆನೆಸಿದರೂ ಅಷ್ಟೇ. ಮೇಲಿನ ಉತ್ತರಗಳಲ್ಲಿ ಇಬ್ಬರು ‘ಪುಟ್ಟಿ ಹಚ್ಚಿ ಉಜ್ಜಿಬಿಡಿ’ ಅಂದಿದ್ದಾರಲ್ಲ, ಆ ಮಾತು ಕೇಳಿ ಕೆಟ್ಟವನು ನಾನು.

ನನ್ನ ಮೊದಲ ಹಡಗಿಗೆ 5 ಮಿ.ಮೀ. ಪಟ್ಟಿಗಳನ್ನು ಪೂರ್ತಿ ಅಗಲದಲ್ಲೇ ಹಚ್ಚುತ್ತಾ ಹೋದೆ. ಮೂತಿಯಲ್ಲಿ ಜಾಗ ಸಾಲದಾದಾಗ ಪಟ್ಟಿಯನ್ನು ಅಡ್ಡಕ್ಕೆ ಬಗ್ಗಿಸಿ ತುರುಕಿದೆ. ರಾತ್ರಿ ಚೆನ್ನಾಗಿಯೇ ಕೂತಿತ್ತು. ಬೆಳಿಗ್ಗೆ ನೋಡಿದರೆ ಪಿನ್ನುಗಳು ನೆಲದ ಮೇಲೆ. ಹಟಕ್ಕೆ ಬಿದ್ದು ಸೂಪರ್ ಗ್ಲೂ ಸುರಿದೆ, ಆಮೇಲೆ ಎದ್ದ ಅಂಚನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿದೆ. ಪಟ್ಟಿಯ ದಪ್ಪವೇ 1.5 ಮಿ.ಮೀ.! ಅಂಚು ಸಮವಾಗುವ ಹೊತ್ತಿಗೆ ಮೂತಿ ತೂತಾಗಿ ಒಳಗಿನ ಅಡ್ಡಹಲಗೆ, ಅಂದರೆ ಬಲ್ಕ್‌ಹೆಡ್, ಇಣುಕುತ್ತಿತ್ತು. ಇಷ್ಟು ಸಾಲದು ಅಂತ ಒಂದೇ ಪಕ್ಕಕ್ಕೆ ಹತ್ತು ಪಟ್ಟಿ ಮುಗಿಸಿದ್ದೆ. ಕೀಲ್ (ಹಡಗಿನ ಬೆನ್ನೆಲುಬಿನಂಥ ಅಡಿಮರ) ಬಿಲ್ಲಿನ ಹಾಗೆ ಬಾಗಿತು. ಎಡಕ್ಕೊಂದು ಹಚ್ಚಿದರೆ ಬಲಕ್ಕೊಂದು ಹಚ್ಚಲೇಬೇಕು. ನಿಮ್ಮ ಫೋಟೋದಲ್ಲಿ ಬಲಪಕ್ಕ ಪೂರ್ತಿ ಖಾಲಿ ಕಾಣುತ್ತಿದೆ, ಹುಷಾರು.

ಈಗ ಕಾಗದ ತೆಗೆದುಕೊಳ್ಳಿ. ನಾನು ಏನೇ ಕಟ್ಟಿದರೂ ಇದನ್ನು ಬಿಡುವುದಿಲ್ಲ. ತೆಳ್ಳಗೆ ಒಂದು ಕಾಗದದ ಪಟ್ಟಿ ಕತ್ತರಿಸಿ, ನಡುವಿನ ಬಲ್ಕ್‌ಹೆಡ್ ಮೇಲೆ ಹೊಟ್ಟೆಯ ಬಾಗಿಗೆ ಅಂಟಿದ ಹಾಗೆ ಹಿಡಿದು, ಮೊದಲ ಪಟ್ಟಿಯಿಂದ ಕೀಲ್ ತನಕ ಗುರುತು ಹಾಕಿ. 100 ಮಿ.ಮೀ. ಬಂತು ಅಂದುಕೊಳ್ಳಿ. 5 ಮಿ.ಮೀ. ಪಟ್ಟಿ 20 ಬೇಕು. ಮೂತಿಯ ಬಲ್ಕ್‌ಹೆಡ್‌ನಲ್ಲಿ ಅದೇ ಅಳತೆ 60 ಬಂದರೆ, ಅಲ್ಲಿ ಆ 20 ಪಟ್ಟಿಯೂ ತಲಾ 3 ಮಿ.ಮೀ. ಆಗಿರಬೇಕು. ಅಷ್ಟೇ ಲೆಕ್ಕ. ಪ್ರತಿ ಬಲ್ಕ್‌ಹೆಡ್‌ಗೂ ಹೀಗೆ ಅಳೆದು ಪೆನ್ಸಿಲ್ ಗುರುತು ಹಾಕಿ, ಎರಡು ಪಟ್ಟಿ ಜೋಡಿಸಿ ಹಿಡಿದು ಒಟ್ಟಿಗೆ ಹೆರೆಯಿರಿ. ಒಂದು ಎಡಕ್ಕೆ, ಒಂದು ಬಲಕ್ಕೆ. ನಾಲ್ಕೈದು ಸಾಲಿಗೊಮ್ಮೆ ಮತ್ತೆ ಅಳೆಯಿರಿ, ಲೆಕ್ಕ ಜಾರುತ್ತೆ. ಅರ್ಧ ಅಗಲಕ್ಕಿಂತ ಕಿರಿದು ಮಾಡಬೇಡಿ, ತುದಿ ಸೀಳುತ್ತದೆ. ಅಷ್ಟು ಕಿರಿದು ಬೇಕಾದರೆ ಡ್ರಾಪ್ ಪ್ಲಾಂಕ್ ಹಾಕಿ, ಅಂದರೆ ಎರಡು ಸಾಲು ಅಲ್ಲಿಂದ ಮುಂದೆ ಒಂದೇ ಪಟ್ಟಿಯಾಗಲಿ. ಹಿಂಭಾಗದಲ್ಲಿ ಇದರ ಉಲ್ಟಾ, ಜಾಗವೇ ಜಾಸ್ತಿ ಇರುತ್ತೆ. ಅಲ್ಲಿ ಪಟ್ಟಿಯನ್ನು ಎಳೆದು ಕೂರಿಸದೆ ತನ್ನಷ್ಟಕ್ಕೆ ಮಲಗಲು ಬಿಡಿ. ಉಳಿದ ಸಂದಿಗೆ ಸ್ಟೀಲರ್, ಅಂದರೆ ಬೆಣೆಯ ಹಾಗೆ ಕತ್ತರಿಸಿದ ತುಂಡು ಪಟ್ಟಿ.

ಹೆರೆದರೂ ಕೂರದಿದ್ದರೆ ತಪ್ಪು ಪಟ್ಟಿಯದ್ದಲ್ಲ, ಫೇರಿಂಗ್‌ನದ್ದು, ಅಂದರೆ ಪಟ್ಟಿ ಸರಿಯಾಗಿ ಕೂರುವ ಹಾಗೆ ಬಲ್ಕ್‌ಹೆಡ್ ಅಂಚುಗಳನ್ನು ಓರೆಯಾಗಿ ಉಜ್ಜುವ ಕೆಲಸದ್ದು. ನಿಮ್ಮ ಮುಂದಿನ ಎರಡು ಬಲ್ಕ್‌ಹೆಡ್‌ಗಳ ಅಂಚಿನಲ್ಲಿ ಲೇಸರ್‌ನಲ್ಲಿ ಕತ್ತರಿಸಿದ ಸುಟ್ಟ ಕಪ್ಪು ಹಾಗೇ ಉಳಿದಿದೆ. ಅಂದರೆ ಅಲ್ಲಿ ಉಪ್ಪುಕಾಗದ ಆಡಿಸಿಯೇ ಇಲ್ಲ, ಅಲ್ವಾ? ಮೂತಿಯ ಬಲ್ಕ್‌ಹೆಡ್‌ಗಳ ನಡುವಿನ ಸಂದಿಗೆ ಬಾಲ್ಸಾ ಅನ್ನೋ ಹಗುರ ಮರದ ತುಂಡು ತುಂಬಿ ರೂಪ ಕೊಡಿ. ಪಟ್ಟಿಗೆ ಕಚ್ಚಿಕೊಳ್ಳಲು ಜಾಗ ಸಿಗುತ್ತೆ. ಇದರ ಮೇಲೆ ಹಚ್ಚುವ ಎರಡನೇ ಪಟ್ಟಿ ಪದರ ಎಲ್ಲ ಮುಚ್ಚುತ್ತದೆ ಅಂತ ಸುಮ್ನೆ ಸಮಾಧಾನ ಮಾಡಿಕೊಳ್ಳಬೇಡಿ. ಅದು ಸಂದಿ ಮುಚ್ಚುತ್ತದೆ, ಸೊಟ್ಟ ಮುಚ್ಚುವುದಿಲ್ಲ.

ಬಗ್ಗಿಸಲು ಹತ್ತು ಹದಿನೈದು ನಿಮಿಷ ನೆನೆಸಿದರೆ ಸಾಕು, ಉಳಿದದ್ದು ಬಿಸಿಯ ಕೆಲಸ. ನಾನು ಕೂದಲು ನೇರ ಮಾಡುವ ಐರನ್ ಬಳಸುತ್ತೇನೆ. ಮನೆಯವರದ್ದು ಎತ್ತಿಕೊಳ್ಳಬೇಡಿ, ಬೇರೆ ಇಟ್ಟುಕೊಳ್ಳಿ. ಒದ್ದೆ ಪಟ್ಟಿಯನ್ನೇ ಅಂಟಿಸಬೇಡಿ, ಒಣಗಿದ ಮೇಲೆ ಕುಗ್ಗಿ ಸಂದಿ ಬಿಡುತ್ತದೆ. ಸೂಪರ್ ಗ್ಲೂ ಚೆಲ್ಲಿದ ಜಾಗ ವಾರ್ನಿಷ್ ಕುಡಿಯುವುದಿಲ್ಲ, ಕಲೆ ಹಾಗೇ ಕಾಣುತ್ತದೆ. ಮರದಂಟಿಗೆ ನಾನು ಟೈಟ್‌ಬಾಂಡ್ ಪಕ್ಷ. ವಾಲ್‌ನಟ್ ಮರ ಉಜ್ಜುವಾಗ ಮಾಸ್ಕ್ ಹಾಕಿ, ಆ ಪುಡಿ ಗಂಟಲು ಕೆರೆಯುತ್ತದೆ.

ಇನ್ನೊಂದು, ಬೈದೆ ಅಂದುಕೊಳ್ಳಬೇಡಿ. ಮೊದಲ ಕಿಟ್ಟಿಗೇ ವಿಕ್ಟರಿ ಯಾರು ಹೇಳಿದರು ನಿಮಗೆ? 104 ಫಿರಂಗಿಯ ಬ್ರಿಟಿಷ್ ಯುದ್ಧಹಡಗು ಅದು. ಒಂದು ಫಿರಂಗಿ ಮಾಡುವುದು ಖುಷಿ, ನಲವತ್ತನೆಯದಕ್ಕೆ ಜೀವ ಬೇಸರ. ಆ ಪೆಟ್ಟಿಗೆ ಅಟ್ಟಕ್ಕೇರಿಸಿ. ಮಾಡೆಲ್ ಶಿಪ್‌ವೇಸ್ ಕಿಟ್ ಕಂಪನಿಯವರ ಮೂರು ದೋಣಿಗಳ ಸರಣಿ ಇದೆ, ಡೋರಿ ಅನ್ನೋ ಸಣ್ಣ ದೋಣಿಯಿಂದ ಶುರು. ನೋಡಲು ಸಪ್ಪೆ, ಆದರೆ ಕೈ ಪಳಗುತ್ತದೆ. ವ್ಯಾನ್‌ಗಾರ್ಡ್‌ನವರ ಸಣ್ಣ ಮೀನುದೋಣಿಗಳೂ ನನಗೆ ಇಷ್ಟ. ಬ್ರ್ಯಾಂಡ್ ಹೆಸರಿಲ್ಲದ ನಕಲಿ ಕಿಟ್‌ಗಳ ಹತ್ತಿರ ಹೋಗಬೇಡಿ.

ವಿಕ್ಟರಿಯೇ ಬೇಕು ಅಂದರೆ ಆ ಆರು ಪಟ್ಟಿ ಬಿಚ್ಚಿ. ಬಿಳಿ ಅಂಟು ಅಂದಿದ್ದೀರಿ, ಬಚಾವ್. ಬ್ರಷ್‌ನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ತೆಳು ಬ್ಲೇಡು ತೂರಿಸಿ ಮೆಲ್ಲಗೆ ಎಬ್ಬಿಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಒಣಗಿದ ಮೇಲೆ ಕಾಗದ ಹಿಡಿದು ಅಳೆದು ಸಂಖ್ಯೆ ಇಲ್ಲಿ ಹಾಕಿ, ಲೆಕ್ಕ ನಾನು ನೋಡುತ್ತೇನೆ. ಫೋಟೋ ಪಕ್ಕದಿಂದ ಬೇಡ, ಮೂತಿಯ ನೇರಕ್ಕೆ ನಿಂತು ತೆಗೆಯಿರಿ. ಕೀಲ್ ಆಗಲೇ ತಿರುಚಿದೆಯಾ ಅಂತ ಗೊತ್ತಾಗಬೇಕು.