ಮಗುವನ್ನು ಕಳೆದುಕೊಂಡ ತಮ್ಮ ಬರೆಯಲು ಕೂತಿದ್ದಾನೆ, ಜೇಸನ್ ಗ್ರೀನ್ ಪುಸ್ತಕ ಕೊಡಬಹುದೇ?

ನೀವು ಕೇಳಿದ್ದು ಎರಡು. ಮಗುವನ್ನು ಕಳೆದುಕೊಂಡ ನಿಮ್ಮ ತಮ್ಮನಿಗೆ ಅಮೆರಿಕದ ಸಂಗೀತ ವಿಮರ್ಶಕ ಜೇಸನ್ ಗ್ರೀನ್ ಬರೆದ ‘ವನ್ಸ್ ಮೋರ್ ವಿ ಸಾ ಸ್ಟಾರ್ಸ್’ ಕೊಡಬಹುದೇ? ನಿಮ್ಮ ತಮ್ಮ ಬರೆದದ್ದೆಲ್ಲ ಪೇಪರಿನ ಶ್ರದ್ಧಾಂಜಲಿಯಂತೆ ಆಗುತ್ತಿರುವುದೇಕೆ?

ಕೊಡಿ, ಆದರೆ ಮೊದಲ ಪುಟದಿಂದ ಓದಿಸಬೇಡಿ. 2015ರ ಮೇ ತಿಂಗಳಲ್ಲಿ ಮ್ಯಾನ್‌ಹಟನ್‌ನ ಒಂದು ಕಟ್ಟಡದ ಮುಂದೆ ಗ್ರೀನ್ ಅವರ ಎರಡು ವರ್ಷದ ಮಗಳು ಅಜ್ಜಿಯ ಜೊತೆ ಬೆಂಚಿನ ಮೇಲೆ ಕೂತಿದ್ದಳು. ಎಂಟನೇ ಮಹಡಿಯ ಕಿಟಕಿಯಿಂದ ಕಳಚಿದ ಇಟ್ಟಿಗೆ ಚೂರು ಅವಳ ತಲೆಗೆ ಬಿತ್ತು. ಆಸ್ಪತ್ರೆ, ಕಾಯುವಿಕೆ, ಅಂಗಾಂಗ ದಾನದ ನಿರ್ಧಾರ ಎಲ್ಲವೂ ಆರಂಭದ ಭಾಗದಲ್ಲೇ ಇವೆ. ಐಸಿಯು ಬಾಗಿಲಲ್ಲಿ ರಾತ್ರಿ ಕಳೆದವರಿಗೆ ಆ ಪುಟಗಳು ಹಳೆಯ ಗಾಯವನ್ನೇ ಕೆದಕುತ್ತವೆ. ಅದಕ್ಕಿಂತ ಗ್ರೀನ್ 2016ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಬರೆದ ‘ಚಿಲ್ಡ್ರನ್ ಡೋಂಟ್ ಆಲ್ವೇಸ್ ಲಿವ್’ ಎಂಬ ಲೇಖನ ಮೊದಲು ಕೊಡಿ. ಚಿಕ್ಕದು, ಒಂದೇ ಕೂರಿಕೆಗೆ ಮುಗಿಯುತ್ತದೆ. ಅದನ್ನು ತಡೆದುಕೊಂಡರೆ 2019ರಲ್ಲಿ ಬಂದ ಪುಸ್ತಕಕ್ಕೆ ಹೋಗಲಿ: ಮೊದಲು ಮ್ಯಾಸಚೂಸೆಟ್ಸ್‌ನ ಕೃಪಾಲು ಯೋಗ ಕೇಂದ್ರದಲ್ಲಿ ಗ್ರೀನ್ ಗಂಡಹೆಂಡತಿ ದುಃಖಿತರ ಶಿಬಿರಕ್ಕೆ ಕೂರುವ ಭಾಗ, ಆಮೇಲೆ ಮುಂದಿನದು, ಕೊನೆಗೆ ಬೇಕೆನಿಸಿದರೆ ಆರಂಭ. ದಿನಕ್ಕೆ 15–20 ಪುಟ ಸಾಕು, ಅದೂ ಹಗಲು ಹೊತ್ತಿನಲ್ಲಿ.

ಒಂದು ಮಾತು ಮುಂಚೆಯೇ ಹೇಳಿಬಿಡಿ: ಪುಸ್ತಕದ ಕೊನೆಯ ಹೊತ್ತಿಗೆ ಗ್ರೀನ್ ದಂಪತಿಗೆ ಮಗ ಹುಟ್ಟುತ್ತಾನೆ. ‘ಇನ್ನೊಂದು ಮಗು ಮಾಡ್ಕೊಳ್ಳಿ’ ಎಂದು ನೆಂಟರಿಂದ ಕೇಳಿ ಕೇಳಿ ರೋಸಿಹೋದವರಿಗೆ ಅದು ಥಟ್ಟನೆ ಎದುರಾಗಬಾರದು.

ಎರಡನೆಯದೇ ನಿಜವಾದ ಪ್ರಶ್ನೆ. ಗ್ರೀನ್ ಪಿಚ್‌ಫೋರ್ಕ್ ಎಂಬ ಸಂಗೀತ ಪತ್ರಿಕೆಯಲ್ಲಿ ಸಂಪಾದಕರಾಗಿದ್ದವರು. ಆಲ್ಬಮ್ ವಿಮರ್ಶೆಯಲ್ಲಿ ‘ಅದ್ಭುತ ಹಾಡು’ ಅಂದರೆ ಏನೂ ಹೇಳಿದಂತಾಗುವುದಿಲ್ಲ. ಡ್ರಮ್ ಎಲ್ಲಿ ಸೇರಿತು, ದನಿ ಯಾವ ಪದದ ಮೇಲೆ ಒಡೆಯಿತು, ಆಮೇಲೆ ಏನು ನಿಂತಿತು ಎಂದು ಹೇಳಬೇಕು. ಶೋಕದ ಬರಹಕ್ಕೂ ಈ ಕಸುಬೇ ಬೇಕು. ‘ಮುದ್ದು ಕಂದ’, ‘ದೇವತೆ’, ‘ಬಾರದ ಲೋಕ’ ಇವೆಲ್ಲ ಯಾವ ಮಗುವಿಗಾದರೂ ಹೊಂದುತ್ತವೆ, ಆದ್ದರಿಂದ ನಿಮ್ಮ ಮನೆಯ ಮಗು ಅಲ್ಲಿ ಕಾಣುವುದೇ ಇಲ್ಲ. ಹಟ ಮಾಡಿದ್ದು, ತಪ್ಪಾಗಿ ಉಚ್ಚರಿಸುತ್ತಿದ್ದ ಒಂದು ಪದ, ಯಾವ ಚಪ್ಪಲಿ ಬೇಡ ಅನ್ನುತ್ತಿತ್ತು ಎಂಬುದು ಬಂದರೆ ಮಗು ಬರುತ್ತದೆ.

ಕೆಲಸ ಹೀಗೆ ಮಾಡಲಿ. ಒಂದು ನೋಟ್‌ಬುಕ್‌ನಲ್ಲಿ ಬರೀ ದಾಖಲೆ: ದಿನ, ಹೊತ್ತು, ಯಾರು ಏನಂದರು, ಕೋಣೆಯಲ್ಲಿ ಏನು ಕೇಳಿಸುತ್ತಿತ್ತು. ದಿನಕ್ಕೆ 20 ನಿಮಿಷ ಸಾಕು, ಗಡಿಯಾರ ಇಟ್ಟುಕೊಂಡೇ. ಗಂಟೆಗಟ್ಟಲೆ ಕೂತರೆ ಮರುದಿನ ನೋಟ್‌ಬುಕ್ ಮುಟ್ಟಲು ಮನಸ್ಸಾಗುವುದಿಲ್ಲ. ಮೂರು ತಿಂಗಳು ತಿದ್ದಬಾರದು. ಆಮೇಲೆ ಬೇರೆ ಹಾಳೆಯಲ್ಲಿ ಒಂದೇ ಸನ್ನಿವೇಶ ಎತ್ತಿಕೊಂಡು ವಿಶೇಷಣಗಳನ್ನೆಲ್ಲ ಹೊಡೆದುಹಾಕಿ ಓದಲಿ. ಏನಾದರೂ ಉಳಿದರೆ ಅದು ಬರಹ. ಏನೂ ಉಳಿಯದಿದ್ದರೆ ದಾಖಲೆ ಸಾಲದು, ನೋಟ್‌ಬುಕ್‌ಗೆ ವಾಪಸ್.

ಸಿಟ್ಟನ್ನು ಸೋಸಬೇಡಿ. ರಸ್ತೆಯಲ್ಲಿ ಬೇರೆಯವರ ಮಕ್ಕಳನ್ನು ಕಂಡಾಗ ಏಳುವ ಉರಿ ಒಳ್ಳೆಯವರಿಗೂ ಏಳುತ್ತದೆ. ಅದನ್ನು ಮುಚ್ಚಿಟ್ಟ ಬರಹವನ್ನು ಅನುಭವಿಸಿದವರು ನಂಬುವುದಿಲ್ಲ.

ಜನ ಮರೆಯುವ ಇನ್ನೊಂದು ವಿಷಯ, ಹೆಂಡತಿ. ‘ಪುತ್ರಶೋಕಂ ನಿರಂತರಂ’ ಎಂದು ಎಲ್ಲರೂ ಅನ್ನುತ್ತಾರೆ, ಅದು ಇಬ್ಬರಲ್ಲಿ ಎರಡು ರೀತಿ ಹರಿಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯಲ್ಲಿ ಗಂಡ ಮಾತಾಡುವುದು ಮಗುವಿನ ಜೊತೆಗಲ್ಲ, ಹೆಂಡತಿಯ ಜೊತೆಗೆ. ತಮ್ಮನಿಗೆ ಅದನ್ನೂ ಓದಲು ಹೇಳಿ, ಬಹುಶಃ ಗ್ರೀನ್‌ಗಿಂತ ಮೊದಲೇ. ಬರೆದದ್ದನ್ನು ಹೊರಗೆ ಹಾಕುವ ಮುಂಚೆ ಅವನ ಹೆಂಡತಿ ಓದಲಿ. ಬೇಡ ಅಂದ ಸಾಲು ಎಷ್ಟೇ ಚೆನ್ನಾಗಿರಲಿ, ತೆಗೆಯಲಿ. ನೋಟ್‌ಬುಕ್‌ನಲ್ಲಿ ಹೇಗೂ ಇದ್ದೇ ಇರುತ್ತದೆ.