ಜನ್ನನ ಕೋಳಿ ಯಾಕೆ ಸಿಗಲಿಲ್ಲ?

ಪ್ರಶ್ನೆ: ಸರ್, ಅರಸೀಕೆರೆ ಕಡೆಯ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೊಯ್ಸಳರ ಕಾಲದ ಕವಿ ಜನ್ನನ ‘ಯಶೋಧರ ಚರಿತೆ’ ಕಾವ್ಯದಲ್ಲಿ ಅವನ ಕಾಲದ ಬಲಿ ಪದ್ಧತಿ ಎಷ್ಟು ಕಾಣುತ್ತದೆ ಅಂತ ಮಕ್ಕಳ ಕೈಲಿ ಕಂಪ್ಯೂಟರ್‌ನಲ್ಲಿ ಹುಡುಕಿಸಿದೆ. ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಬಲಿ ಕೊಡುವುದೇ ಕಥೆ. ಆದರೆ ‘ಕೋಳಿ’ ಅಂತ ಹೊಡೆದರೆ ಒಂದೂ ಬರಲಿಲ್ಲ. ಮಕ್ಕಳು ನಕ್ಕರು. ಎಲ್ಲಿ ತಪ್ಪಿತು?
– ಒಬ್ಬ ಉಪನ್ಯಾಸಕಿ

ಉತ್ತರ: ಮೇಡಂ, ನಾನೂ ಹೀಗೇ ಪೆಚ್ಚಾದವನು. ಹಾಸನದಲ್ಲಿ ಇಪ್ಪತ್ತು ವರ್ಷ ಡಿಟಿಪಿ ಮಾಡಿಯೂ ಒಂದು ಸಂಜೆಯೆಲ್ಲ ಈ ಕೋಳಿಯ ಹಿಂದೆ ಓಡಿದ್ದೇನೆ. ಹಳಗನ್ನಡದಲ್ಲಿ ಅದು ‘ಕೋೞಿ’. ನಮಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ ಅಕ್ಷರ. ಕೀಬೋರ್ಡಿನಲ್ಲಿ ೞ ಸಿಗದಿದ್ದರೆ ಪಠ್ಯದಿಂದಲೇ ಕಾಪಿ ಮಾಡಿ ಅಂಟಿಸಿ. ಪಾಪ, ಕಂಪ್ಯೂಟರ್ ಅಕ್ಷರಗಳ ಯೂನಿಕೋಡ್ ಪಟ್ಟಿಯಲ್ಲಿ ಅದರ ಹೆಸರೇ ತಪ್ಪಾಗಿ ‘ಫಾ’ ಅಂತ ಬಿದ್ದಿದೆ, ಇನ್ನು ತಿದ್ದುವ ಹಾಗೂ ಇಲ್ಲ.

ಹಾಗೇ ಱ (ಹಳಗನ್ನಡದ ಇನ್ನೊಂದು ರ) ಇರುವ ಪದಗಳನ್ನೂ ನೋಡಿ. ‘ಹ’ ಇರುವ ಕಡೆ ‘ಪ’ ಹಾಕಿಯೂ ಹುಡುಕಿ, ಹಿಟ್ಟು ‘ಪಿಟ್ಟು’ ಆಗಿರಬಹುದು. ಪೂರ್ತಿ ಪದ ಹೊಡೆಯಬೇಡಿ, ಸಂಧಿಯಲ್ಲಿ ಬಾಲ ಕರಗಿರುತ್ತದೆ. ಕಡತ ಹಳೇ ನುಡಿ ಫಾಂಟಿನದಾದರೆ ಮೊದಲು ಯೂನಿಕೋಡ್‌ಗೆ ಬದಲಿಸಿ, ಇಲ್ಲದಿದ್ದರೆ ಏನೂ ಸಿಗುವುದಿಲ್ಲ.

ಇಷ್ಟಾದ ಮೇಲೆ ಕೋಳಿ ಸಿಗುತ್ತದೆ. ಆದರೆ ಸಿಕ್ಕಿದ್ದೆಲ್ಲ ಜನ್ನನ ಕಾಲದ್ದು ಅಂತ ಮಕ್ಕಳು ಬರೆದುಬಿಟ್ಟಾರು, ಹುಷಾರು. ಕಥೆ ಅವನದಲ್ಲ. ಅವನಿಗಿಂತ ಹಿಂದಿನ ಜೈನ ಕವಿ ವಾದಿರಾಜನ ಸಂಸ್ಕೃತ ಕಾವ್ಯ ಅವನ ಮುಂದಿತ್ತು. ಮಾರಿಯ ಗುಡಿ, ಹಿಟ್ಟಿನ ಕೋಳಿ ಕಥೆಯ ಜೊತೆಗೇ ಬಂದವು. ‘ಬಲಿ’ ಎಷ್ಟು ಸಲ ಬಂತು ಅಂತ ಎಣಿಸಿದರೆ ಹೊಯ್ಸಳರ ಕಾಲದ ಊರು ಕಾಣುವುದಿಲ್ಲ. ವಾದಿರಾಜನಲ್ಲಿ ಇಲ್ಲದ್ದು ಜನ್ನನಲ್ಲಿ ಏನಿದೆ, ಅದನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿಸಿ. ಇದು ಮಾತ್ರ ಕೈಯಲ್ಲೇ ಆಗಬೇಕಾದ ಕೆಲಸ.

ನನಗೆ ಜಾಸ್ತಿ ಆಸೆ ಇರುವುದು ಇನ್ನೊಂದರ ಮೇಲೆ. ಜನ್ನ ಶಾಸನದ ಪದ್ಯಗಳನ್ನೂ ಬರೆದಿದ್ದಾನೆ, ಅದೂ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಯಲ್ಲೇ. ಚನ್ನರಾಯಪಟ್ಟಣ ತಾಲ್ಲೂಕಿನ 179ನೇ ಶಾಸನ, 1191ರದ್ದು. ತರೀಕೆರೆ ತಾಲ್ಲೂಕಿನ 45ನೇದು, 1197ರದ್ದು. ಎರಡನೆಯದು ಅಮೃತಾಪುರದ ಅಮೃತೇಶ್ವರ ಗುಡಿಯಲ್ಲಿದೆ. ಜೈನ ಕವಿ ಶಿವನ ಗುಡಿಯ ಶಾಸನ ಬರೆದಿದ್ದಾನೆ ನೋಡಿ! ಕಾವ್ಯ ಬಂದದ್ದು 1209ರಲ್ಲಿ. ಒಂದೇ ಕೈ, ತರೀಕೆರೆ ಶಾಸನದಿಂದ ಹನ್ನೆರಡು ವರ್ಷದ ಅಂತರ. ಶಾಸನದಲ್ಲಿ ಹೊಯ್ಸಳ ದೊರೆ ವೀರಬಲ್ಲಾಳನಿಗೆ, ಗುಡಿಗೆ, ದಾನಕ್ಕೆ ಯಾವ ಪದ ಹಾಕಿದ್ದಾನೆ, ಕಾವ್ಯದಲ್ಲಿ ರಾಜನಿಗೆ, ಮಾರಿಯ ಗುಡಿಗೆ ಯಾವುದು? ಎಕ್ಸೆಲ್‌ನಲ್ಲಿ ಎರಡು ಸಾಲು ಮಾಡಿ ಎದುರುಬದುರು ಇಟ್ಟರೆ ಸಾಕು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಯಾಕೆ ಬೇಕು, ಅಲ್ವಾ?

ಶಾಸನಗಳ ಪಾಠ ಬಿ.ಎಲ್. ರೈಸ್ ಸಾಹೇಬರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿದೆ. ಹಾಸನಕ್ಕೆ 5ನೇ ಸಂಪುಟ, ಚಿಕ್ಕಮಗಳೂರಿಗೆ 6ನೇದು. ಆಗ ಜಿಲ್ಲೆಯ ಹೆಸರು ಕಡೂರು, ಆ ಹೆಸರಲ್ಲೇ ಹುಡುಕಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಸಿಗುತ್ತದೆ. ಅದನ್ನು ಓಸಿಆರ್‌ಗೆ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶಕ್ಕೆ) ಕೊಟ್ಟು ಸುಮ್ನೆ ನಂಬಬೇಡಿ, ೞ ಹೋಗಿ ಳ ಆಗಿರುತ್ತದೆ. ಮಕ್ಕಳೇ ಟೈಪ್ ಮಾಡಲಿ, ಒಬ್ಬರಿಗೆ ನಾಲ್ಕು ಪದ್ಯ.

ಅಮೃತಾಪುರಕ್ಕೂ ಕರೆದುಕೊಂಡು ಹೋಗಿ. ಫೋಟೋ ತೆಗೆಯುವಾಗ ಎದುರಿನಿಂದ ಫ್ಲ್ಯಾಷ್ ಬೇಡ, ಅಕ್ಷರ ಅಳಿಸಿದ ಹಾಗೆ ಕಾಣುತ್ತದೆ. ಒಬ್ಬರು ಪಕ್ಕದಿಂದ ಟಾರ್ಚ್ ಬಿಡಲಿ, ಇನ್ನೊಬ್ಬರು ತೆಗೆಯಲಿ.