ಪ್ರಕಟನೆ ಗ್ರಂಥದ ಬಾಬೆಲ್ ಇರಾಕಿನಲ್ಲಿದೆಯೇ?

ಬೈಬಲಿನ ಕೊನೆಯ ಪುಸ್ತಕದಲ್ಲಿ ಬೀಳುವ ‘ಮಹಾ ಬಾಬೆಲ್’ ಇರಾಕಿನ ಹಳೆಯ ನಗರವೇ, ಭವಿಷ್ಯವಾಣಿ ನೆರವೇರಲು ಅದನ್ನು ಮತ್ತೆ ಕಟ್ಟಬೇಕೇ ಎಂದು ಕೇಳಿದ್ದೀರಿ. ನನ್ನ ಓದಿನ ಪ್ರಕಾರ ಎರಡಕ್ಕೂ ಉತ್ತರ ಇಲ್ಲ ಎಂದೇ.

ಯೂಫ್ರೆಟಿಸ್ ದಂಡೆಯ ಆ ನಗರದ ಅವಶೇಷಗಳು ಇಂದಿನ ಹಿಲ್ಲಾ ಪಟ್ಟಣದ ಬಳಿ ಇವೆ. ಕ್ರಿ.ಪೂ. 586ರ ಸುಮಾರಿಗೆ ಅಲ್ಲಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮಿನ ಯೆಹೂದ್ಯ ದೇವಾಲಯವನ್ನು ಸುಟ್ಟು, ಜನರನ್ನು ಸೆರೆಯೊಯ್ದಿತು. ಕ್ರಿ.ಶ. 70ರಲ್ಲಿ, ಅಲ್ಲಿ ಮತ್ತೆ ಕಟ್ಟಿದ್ದ ಎರಡನೆಯ ದೇವಾಲಯವನ್ನು ಸುಟ್ಟದ್ದು ರೋಮನ್ ಸೈನ್ಯ. ಹಳೆಯ ಗಾಯದ ಮೇಲೆ ಹೊಸ ಗಾಯ. ಹೀಗಾಗಿ ಬಾಬೆಲ್ ಎಂಬ ಹೆಸರು ರೋಮಿಗೆ ಅಂಟಿಕೊಂಡಿತು. ಬೈಬಲಿನಲ್ಲೇ ಇರುವ, ಪೇತ್ರನ ಮೊದಲನೆಯ ಪತ್ರದ ಕೊನೆಯಲ್ಲಿ ವಂದನೆ ಹೇಳುವ ‘ಬಾಬೆಲಿನ’ ಕ್ರೈಸ್ತ ಸಭೆಯೂ ರೋಮಿನದೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಪ್ರಕಟನೆಯನ್ನು ಬರೆದ ಯೋಹಾನನಂತೂ ಗುಟ್ಟನ್ನು ಹೆಚ್ಚು ಮುಚ್ಚಿಡುವುದಿಲ್ಲ: ಬಾಬೆಲನ್ನು ಅವನು ಒಬ್ಬ ಸ್ತ್ರೀಯಾಗಿ ಚಿತ್ರಿಸುತ್ತಾನೆ, ಅವಳು ಕುಳಿತಿರುವುದು ಏಳು ಬೆಟ್ಟಗಳ ಮೇಲೆ (17:9). ರೋಮನ್ ಚಕ್ರವರ್ತಿ ವೆಸ್ಪಾಸಿಯನ್ನನ ಕಾಲದ ಒಂದು ನಾಣ್ಯದಲ್ಲಿ, ರೋಮ್ ನಗರದ ಪ್ರತೀಕವಾದ ರೋಮಾ ದೇವಿಯೂ ಹೀಗೆಯೇ ಏಳು ಬೆಟ್ಟಗಳ ಮೇಲೆ ಒರಗಿದ್ದಾಳೆ.

ಆದರೆ ಬಾಬೆಲ್ ಎಂದರೆ ರೋಮ್ ಎಂದು ಒಗಟು ಬಿಡಿಸಿ ಎದ್ದುಬಿಟ್ಟರೆ 18ನೆಯ ಅಧ್ಯಾಯ ಕೈತಪ್ಪುತ್ತದೆ. ಚರ್ಚಿನ ಪ್ರಸಂಗಗಳಲ್ಲಿ, ಆ ಸ್ತ್ರೀ ಸವಾರಿ ಮಾಡುವ ಮೃಗದ ಕೊಂಬುಗಳನ್ನು ಎಣಿಸುವುದಕ್ಕೆ ಸಿಗುವಷ್ಟು ಸಮಯ ಇದಕ್ಕೆ ಸಿಗುವುದಿಲ್ಲ. ನಗರ ಉರಿಯುವಾಗ ವರ್ತಕರು ಅಳುವುದು ಸತ್ತವರಿಗಾಗಿ ಅಲ್ಲ, ತಮ್ಮ ಸರಕನ್ನು ಇನ್ನು ಕೊಳ್ಳುವವರಿಲ್ಲವಲ್ಲ ಎಂದು. ಆ ಸರಕಿನ ಪಟ್ಟಿ ಬಂಗಾರದಿಂದ ಶುರುವಾಗುತ್ತದೆ. ಮುತ್ತು (ದಕ್ಷಿಣ ಭಾರತದ ಕರಾವಳಿಯಿಂದಲೂ ರೋಮಿಗೆ ಮುತ್ತು ಹೋಗುತ್ತಿತ್ತು), ರೇಷ್ಮೆ, ದಂತ, ದಾಲ್ಚಿನ್ನಿ, ದ್ರಾಕ್ಷಾರಸ, ಗೋಧಿ, ದನ, ಕುರಿ, ಕುದುರೆ, ರಥ ಎಂದು ಸಾಗಿ, ಕಟ್ಟಕಡೆಗೆ ಬರುವುದು ಗುಲಾಮರು, ಅಂದರೆ ಮನುಷ್ಯರ ಪ್ರಾಣಗಳು. ಮನುಷ್ಯನೂ ಮಾರಾಟದ ಮಾಲಾಗುವ ಈ ವೈಭವವೇ ಬಾಬೆಲ್ ಎಂದು ನಾನು ಓದುತ್ತೇನೆ.

ಮುಂದಿನ ಪೀಳಿಗೆಗಳು ತಮ್ಮ ತಮ್ಮ ವೈರಿಗಳಿಗೆ ಈ ಹೆಸರನ್ನು ಹಚ್ಚಿದವು. 1520ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಪೋಪರ ಆಡಳಿತವನ್ನು ಬಾಬೆಲ್ ಎಂದ. ಈಗ ಯಾವುದಾದರೂ ದೇಶದ ಹೆಸರು ಹಿಡಿದು ಹಾಗೆನ್ನುವವರಿಗೆ ಕಡಿಮೆಯಿಲ್ಲ. ಅವರು 18:4ನ್ನು ಗಮನಿಸಲಿ: ‘ಅವಳನ್ನು ಬಿಟ್ಟು ಬನ್ನಿ’ ಎಂಬ ಕರೆ ದೇವರ ಜನರಿಗೇ, ಅಂದರೆ ಒಳಗೇ ಇರುವವರಿಗೆ. 18:7ರಲ್ಲಿ ಬಾಬೆಲ್ ತಾನು ರಾಣಿ, ತನಗೆ ದುಃಖವೇ ಇಲ್ಲ ಎಂದು ಬೀಗುತ್ತದೆ. 3:17ರಲ್ಲಿ ತಾನು ಐಶ್ವರ್ಯವಂತ, ತನಗೇನೂ ಕೊರತೆಯಿಲ್ಲ ಎನ್ನುವುದು ಲವೊದಿಕೀಯದ ಕ್ರೈಸ್ತ ಸಭೆ. ಈ ಎರಡು ವಚನಗಳನ್ನು ಅಕ್ಕಪಕ್ಕ ಇಟ್ಟು ಓದಿ ನೋಡಿ.